ಉಣುಗು ಇರುವುದು ನಾಯಿಯ ಮೈಮೇಲೆ ಮಾತ್ರವಲ್ಲ

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮದು ಕಾಡಂಚಿನ ಮನೆ. ನಾಯಿ ಕಾಳು ದಿನಾ ನನ್ನ ಹಿಂದೆಯೇ ತೋಟಕ್ಕೂ ಸೊಪ್ಪಿನ ಬೆಟ್ಟಕ್ಕೂ (ಸೊಪ್ಪು ತರುವ ಕಾಡು) ಬರುತ್ತದೆ. ದೀಪಾವಳಿ ಕಳೆದ ಮೇಲೆ ಅದರ ಮೈತುಂಬ ಉಣುಗು (ಉಣ್ಣೆ). ಕಿತ್ತು ಕಿತ್ತು ಸಾಕಾಗಿದೆ. ಸೀಮೆಎಣ್ಣೆ ಹಚ್ಚಿ ಎಂದು ಕೆಳಗಿನ ಮನೆಯವರು ಹೇಳುತ್ತಾರೆ. ತೋಟಕ್ಕೆ ಹೊಡೆಯುವ ಔಷಧಿಯನ್ನೇ ನೀರಿಗೆ ಹಾಕಿ ಮೀಯಿಸೋಣ ಅಂತ ನಮ್ಮ ಯಜಮಾನರು. ಅತ್ತೆಯವರಿಗೆ ಬೇರೆಯದೇ ಹೆದರಿಕೆ. ನಾಯಿಯಿಂದ ಮನೆಗೆ ಮಂಗನ ಕಾಯಿಲೆ ಬರುತ್ತದೆ, ಯಾರಿಗಾದರೂ ಕೊಟ್ಟುಬಿಡಿ ಎನ್ನುತ್ತಾರೆ. ಏನು ಮಾಡಲಿ?
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ಮೊದಲು ಅತ್ತೆಯವರ ಹೆದರಿಕೆಯ ವಿಷಯ ಹೇಳುತ್ತೇನಮ್ಮ, ಅದು ಕಾರಣವಿಲ್ಲದ ಹೆದರಿಕೆ ಅಲ್ಲ. ಮಂಗನ ಕಾಯಿಲೆ ಎಂಬ ಈ ವೈರಸ್ ಜ್ವರ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2019ರ ಆಸುಪಾಸು ಈ ಕಾಯಿಲೆ ಹೇಗೆ ಹರಡಿ ಜೀವ ತೆಗೆಯಿತೆಂದು ನಿಮ್ಮ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಆದರೆ ಈ ಕಾಯಿಲೆ ನಾಯಿ ನೆಕ್ಕಿದರೆ, ಮುಟ್ಟಿದರೆ ಬರುವಂಥದ್ದಲ್ಲ. ಮನುಷ್ಯರಿಂದ ಮನುಷ್ಯರಿಗೂ ಹರಡುವುದಿಲ್ಲ. ವೈರಸ್ ಹೊತ್ತ ಕಾಡಿನ ಉಣುಗು ಕಚ್ಚಿದರೆ ಬರುತ್ತದೆ. ಅದರಲ್ಲೂ ನಮ್ಮನ್ನು ಹೆಚ್ಚಾಗಿ ಕಚ್ಚುವುದು ಬೆಳೆದ ಉಣುಗಲ್ಲ, ಗಸಗಸೆ ಕಾಳಿನಷ್ಟೇ ಇರುವ ಅದರ ಮರಿ. ಮಳೆ ನಿಂತು ದರಗು, ಅಂದರೆ ಉದುರಿದ ಎಲೆ, ಒಣಗಿದ ಮೇಲೆ ಇವುಗಳ ಕಾಟ ಶುರು. ಡಿಸೆಂಬರಿನಿಂದ ಮೇ ತನಕ ಅದೇ ಕಾಲ.

ಇದರಲ್ಲಿ ಕಾಳುವಿನ ಪಾತ್ರ ಏನು? ಬೆಟ್ಟದ ದರಗಿನಲ್ಲಿ ಹೊರಳಿ ಬಂದ ನಾಯಿಯ ಮೈಮೇಲೆ ಎರಡು ಥರದ ಉಣುಗು ಇರುತ್ತವೆ. ಚರ್ಮ ಕಚ್ಚಿ ಕೂತವು ಹೊಟ್ಟೆ ತುಂಬುವವರೆಗೆ ಸಾಮಾನ್ಯವಾಗಿ ಅಲ್ಲಿಂದ ಕದಲುವುದಿಲ್ಲ. ಇನ್ನೂ ಜಾಗ ಹುಡುಕುತ್ತಾ ಕೂದಲ ಮೇಲೆ ಹರಿದಾಡುತ್ತಿರುವವು ಮಾತ್ರ ಜಗುಲಿಯಲ್ಲಿ ಪಕ್ಕದಲ್ಲಿ ಕೂತ ಮಗುವಿನ ಮೈಗೂ ಹತ್ತಬಲ್ಲವು. ಆದ್ದರಿಂದ ಬೆಟ್ಟದಿಂದ ಬಂದ ನಾಯಿಯನ್ನು ನೇರ ಒಳಗೆ ಬಿಡಬೇಡಿ. ಅಂಗಳದಲ್ಲೇ ನಿಲ್ಲಿಸಿ ಒತ್ತು ಹಲ್ಲಿನ ಬಾಚಣಿಗೆಯಲ್ಲಿ ಬಾಚಿ, ಉದುರಿದ್ದನ್ನು ಸೋಪಿನ ನೀರಿಗೆ ಹಾಕಿ. ಸಾಧ್ಯವಾದರೆ ಬೇಸಿಗೆ ಮುಗಿಯುವವರೆಗೆ ಅದನ್ನು ಬೆಟ್ಟಕ್ಕೆ ಕರೆದೊಯ್ಯಲೇಬೇಡಿ. ಆದರೆ ಕೊಟ್ಟುಬಿಡುವುದರಿಂದ ಏನೂ ಆಗದು. ಸೊಪ್ಪು ತರಲು ನೀವು ಹೋಗುತ್ತೀರಲ್ಲ, ಮೇಯಲು ದನ ಹೋಗುತ್ತವಲ್ಲ? ಮಂಗನ ಕಾಯಿಲೆ ತರುವ ಜಾತಿಯ ಬೆಳೆದ ಉಣುಗಿಗೆ ನಾಯಿಗಿಂತ ದನವೇ ಮುಖ್ಯ ಆಸರೆ. ಹಾಗಾಗಿ ಕೊಟ್ಟಿಗೆಯ ದನಗಳಿಗೂ ಪಶು ಆಸ್ಪತ್ರೆಯಲ್ಲಿ ಕೇಳಿ ಔಷಧಿ ಹಾಕಿಸಿ.

ನೀವು ಬೆಟ್ಟಕ್ಕೆ ಹೋಗುವಾಗ ತುಂಬು ತೋಳಿನ ಅಂಗಿ, ಪ್ಯಾಂಟು ಹಾಕಿ. ಪ್ಯಾಂಟಿನ ಕೆಳತುದಿ ಸಾಕ್ಸಿನೊಳಗೆ ಸೇರಲಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ನಾಯಿಗೆ ಅದನ್ನು ಹಚ್ಚಬೇಡಿ, ನೆಕ್ಕುತ್ತದೆ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮೀಯಿರಿ. ಮೊದಲು ಕೊಡುತ್ತಿದ್ದ ಲಸಿಕೆಯನ್ನು ಈಗ ನಿಲ್ಲಿಸಿದ್ದಾರೆ, ಆದ್ದರಿಂದ ಕಚ್ಚಿಸಿಕೊಳ್ಳದೆ ಇರುವುದೇ ದಾರಿ. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಸೊಂಟ–ಮೀನಖಂಡದ ನೋವು ಬಂದರೆ ಅಂಗಡಿಯ ನೋವಿನ ಮಾತ್ರೆ ನುಂಗಿ ಮಲಗಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಬೆಟ್ಟಕ್ಕೆ ಹೋಗಿದ್ದೆ ಎಂದು ಬಾಯಿಬಿಟ್ಟು ಹೇಳಿ. ಎಷ್ಟೋ ಜನ ಈ ಒಂದು ಮಾತು ಹೇಳದೆ ದಿನ ಕಳೆಯುತ್ತಾರೆ. ಹತ್ತಿರದಲ್ಲಿ ಎಲ್ಲಾದರೂ ಮಂಗ ಸತ್ತು ಬಿದ್ದದ್ದು ಕಂಡರೆ ಮುಟ್ಟಬೇಡಿ, ನಾಯಿಯನ್ನೂ ಆ ಕಡೆ ಬಿಡಬೇಡಿ, ಆಶಾ ಕಾರ್ಯಕರ್ತೆಗೋ ಪಂಚಾಯಿತಿಗೋ ತಿಳಿಸಿ. ಸತ್ತ ಮಂಗದ ಮೈಯಿಂದ ಇಳಿದ ಉಣುಗು ಆ ಜಾಗದಲ್ಲೇ ಇರುತ್ತದೆ.

ಈಗ ನಿಮ್ಮ ಯಜಮಾನರಿಗೆ ಒಂದು ಮಾತು. ದಯವಿಟ್ಟು ತೋಟದ ಔಷಧಿ ಬೇಡ. ನನ್ನ ನೌಕರಿಯೆಲ್ಲ ಕಳೆದದ್ದು ಮಲೆನಾಡಿನ ಪಶು ಆಸ್ಪತ್ರೆಗಳಲ್ಲಿ. ಉಣುಗಿನ ಕಾಯಿಲೆಯಿಂದ ಸತ್ತ ನಾಯಿಗಳನ್ನು ನೋಡಿದಂತೆಯೇ ಉಣುಗಿಗೆ ಮಾಡಿದ ಮದ್ದಿನಿಂದ ಸತ್ತವುಗಳನ್ನೂ ನೋಡಿದ್ದೇನೆ. ಬೆಳಿಗ್ಗೆ ಔಷಧಿ ನೀರಿನಲ್ಲಿ ಮೀಯಿಸಿರುತ್ತಾರೆ. ನಾಯಿ ಮೈ ನೆಕ್ಕಿಕೊಂಡಿರುತ್ತದೆ. ಸ್ವಲ್ಪ ಹೊತ್ತಿಗೆ ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ತೊಡೆಯ ಸ್ನಾಯು ಪಟಪಟ ಅದುರುವುದು, ಆಮೇಲೆ ಸೆಳೆತ. ಜೀಪು ಸಿಕ್ಕಿ ಆಸ್ಪತ್ರೆಗೆ ತರುವ ಹೊತ್ತಿಗೆ ಉಸಿರು ಇರುವುದಿಲ್ಲ. ಪ್ರೀತಿಯಿಂದ ಸಾಕಿದವರೇ ತಮ್ಮ ಕೈಯಾರೆ ಹೀಗೆ ಮಾಡಿಕೊಂಡು ಅಳುವುದನ್ನು ನೋಡಲಾಗುವುದಿಲ್ಲ. ಸೀಮೆಎಣ್ಣೆಯೂ ಬೇಡ, ಚರ್ಮ ಸುಡುತ್ತದೆ. ದನಕ್ಕೆ ತಂದ ಔಷಧಿಯನ್ನು ಅಂದಾಜಿನ ಮೇಲೆ ನಾಯಿಗೆ ಹಾಕುವುದೂ ಬೇಡ.

ಕೀಳುವುದಕ್ಕೂ ಕ್ರಮವಿದೆ. ಬರಿಗೈಯಲ್ಲಿ ಕೀಳಬೇಡಿ, ಉಗುರಿನಲ್ಲಿ ಒತ್ತಿ ಒಡೆಯಲೇಬೇಡಿ. ಒಡೆದ ಉಣುಗಿನ ರಸ ಕೈಯ ಗೀರಿಗೆ, ಕಣ್ಣಿಗೆ ತಾಗಿದರೂ ಕೆಲವು ಸೋಂಕು ಹತ್ತಬಹುದು. ಕೈಗವಸು ಹಾಕಿ, ಸಪೂರ ಮೂತಿಯ ಚಿಮಟದಲ್ಲಿ ಚರ್ಮಕ್ಕೆ ತಾಗಿದಂತೆ ಅದರ ಬಾಯಿಯ ಹತ್ತಿರವೇ ಹಿಡಿದು, ತಿರುಚದೆ, ನೇರವಾಗಿ ನಿಧಾನಕ್ಕೆ ಎಳೆಯಿರಿ. ಹೊಟ್ಟೆ ಹಿಡಿದು ಎಳೆದರೆ ಅದು ಒಡೆಯುತ್ತದೆ. ಬಾಯಿಯ ತುಣುಕು ಒಳಗುಳಿದರೆ ಸೂಜಿಯಲ್ಲಿ ಕೆದಕಬೇಡಿ, ಕೆಲವು ದಿನದಲ್ಲಿ ಚರ್ಮವೇ ಅದನ್ನು ಹೊರಹಾಕುತ್ತದೆ. ಬೆನ್ನು ಸವರಿ ನೋಡಿದರೆ ಸಾಲದು. ಕಿವಿಯ ಮಡಿಕೆಯೊಳಗೆ, ಕುತ್ತಿಗೆ ಪಟ್ಟಿಯ ಕೆಳಗೆ, ಮುಂಗಾಲಿನ ಸಂದಿನಲ್ಲಿ, ಬಾಲದ ಬುಡದಲ್ಲಿ, ಕಾಲ್ಬೆರಳುಗಳ ನಡುವೆ ಬಿಡಿಸಿ ನೋಡಿ.

ಆದರೆ ಕೀಳುವುದರಿಂದಲೇ ಮುಗಿಯುವುದಿಲ್ಲ. ಕಾಳುವನ್ನು ತೂಕ ಮಾಡಿಸಿ, ಡಾಕ್ಟರ ಚೀಟಿಯ ಮೇಲೆ ಉಣುಗಿನ ಮಾತ್ರೆ ಕೊಡಿಸಿ. ಅಫಾಕ್ಸೊಲೇನರ್ ಇರುವ ಮಾತ್ರೆ ತಿಂಗಳಿಗೊಮ್ಮೆ, ಫ್ಲೂರಲೇನರ್ ಇರುವುದು ಸುಮಾರು ಮೂರು ತಿಂಗಳಿಗೊಮ್ಮೆ. ಬೆಲೆ ಜಾಸ್ತಿಯೇ, ಆದರೂ ವರ್ಷವಿಡೀ ಆಗದಿದ್ದರೆ ಡಿಸೆಂಬರಿನಿಂದ ಮೇ ತನಕವಾದರೂ ಬಿಡಬೇಡಿ. ನಾಯಿಗೆ ಮೊದಲು ಯಾವತ್ತಾದರೂ ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ, ಅಂಥವಕ್ಕೆ ಈ ಮಾತ್ರೆ ಕೊಡುವಾಗ ಯೋಚಿಸಬೇಕಾಗುತ್ತದೆ. ಇನ್ನೊಂದು ತಿಳಿದಿರಲಿ: ಮಾತ್ರೆ ತಿಂದ ನಾಯಿಯ ಮೈಗೂ ಉಣುಗು ಹತ್ತುತ್ತದೆ, ಕಚ್ಚಿದ ಮೇಲೆ ಸಾಯುತ್ತದೆ. ಅಂಗಳದಲ್ಲಿ ಬಾಚುವ ಕೆಲಸ ತಪ್ಪುವುದಿಲ್ಲ.

ಪ್ರಶ್ನೆ: ಸರ್, ನಾವಿರುವುದು ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ. ಲ್ಯಾಬ್ರಡಾರ್ ನಾಯಿ, ಕಾಡು ಕಂಡದ್ದೇ ಇಲ್ಲ. ಆದರೂ ಗೋಡೆ ಮೇಲೆ, ಪರದೆ ಹಿಂದೆ ಎಲ್ಲ ಉಣ್ಣೆ ಹತ್ತುತ್ತಿವೆ. ಶಾಂಪೂ, ಪೌಡರ್ ಎಲ್ಲ ಆಯಿತು, ಎರಡು ವಾರಕ್ಕೆ ಮತ್ತೆ ಅದೇ. ಮೊನ್ನೆಯಿಂದ ನಾಯಿ ಊಟ ಬಿಟ್ಟಿದೆ, ಮೂಗಲ್ಲಿ ಸ್ವಲ್ಪ ರಕ್ತ ಬಂತು. ಬಿಸಿಲಿಗಿರಬಹುದೇ?
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಬಿಸಿಲಿಗೆ ಎಂದು ಕಾಯಬೇಡಿ. ಈ ಪುಟ ಓದಿದ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ. ಉಣ್ಣೆ ಇರುವ ನಾಯಿ ಊಟ ಬಿಟ್ಟು ಮೂಗಲ್ಲಿ ರಕ್ತ ಸುರಿಸಿದರೆ ಮೊದಲು ನೆನಪಾಗಬೇಕಾದದ್ದು ಎರ್ಲಿಕಿಯಾ ಎಂಬ ಸೋಂಕು. ಇದರಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಇಳಿಯುತ್ತವೆ. ತುಟಿ ಎತ್ತಿ ಒಸಡು ನೋಡಿ, ಬಿಳಿಚಿದೆಯೇ? ಹೊಟ್ಟೆಯ ಕೂದಲಿಲ್ಲದ ಭಾಗದಲ್ಲಿ ಸಣ್ಣ ಕೆಂಪು ಚುಕ್ಕೆ ಇವೆಯೇ? ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅದು ಬಬೇಸಿಯಾ ಎಂಬ ಇನ್ನೊಂದು ಉಣ್ಣೆ ಸೋಂಕು ಇರಬಹುದು, ಅದರ ಮದ್ದೇ ಬೇರೆ. ರಕ್ತ ಪರೀಕ್ಷೆ ಮಾಡಿಸದೆ ಚಿಕಿತ್ಸೆ ಊಹಿಸಬಾರದು. ಎರ್ಲಿಕಿಯಾಕ್ಕೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸಾಮಾನ್ಯವಾಗಿ 28 ದಿನ ಕೊಡುತ್ತೇವೆ. ವಾರಕ್ಕೇ ನಾಯಿ ಚುರುಕಾಗಿ ಊಟ ಮಾಡತೊಡಗುತ್ತದೆ, ಮನೆಯವರು ಮಾತ್ರೆ ನಿಲ್ಲಿಸಿಬಿಡುತ್ತಾರೆ. ಹಾಗೆ ಮಾಡಬೇಡಿ.

ಇನ್ನು ಮನೆಯ ವಿಷಯ. ನಿಮ್ಮದು ಕಾಡಿನ ಉಣ್ಣೆ ಅಲ್ಲ, ಕಂದು ಬಣ್ಣದ ನಾಯಿ ಉಣ್ಣೆ. ಇದು ಮನೆಯೊಳಗೇ ಸಂಸಾರ ಹೂಡುತ್ತದೆ. ರಕ್ತ ಕುಡಿದು ಬೂದು ಬಣ್ಣಕ್ಕೆ ಉಬ್ಬಿದ ಹೆಣ್ಣು ನಾಯಿಯಿಂದ ಉದುರಿ, ಗೋಡೆ ಬಿರುಕಿಗೋ ಬಾಗಿಲ ಚೌಕಟ್ಟಿನ ಸಂದಿಗೋ ಹೋಗಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಮರಿಗಳು ನಾಯಿಗೆ ಹತ್ತಿ ರಕ್ತ ಕುಡಿದು ಮತ್ತೆ ಉದುರುತ್ತವೆ, ಸಂದಿಯಲ್ಲಿ ಪೊರೆ ಕಳಚಿ ಮತ್ತೆ ಹತ್ತುತ್ತವೆ. ಬೆಳೆದ ಉಣ್ಣೆ ಏನೂ ತಿನ್ನದೆ ತಿಂಗಳುಗಟ್ಟಲೆ ಕಾಯಬಲ್ಲದು. ನೀವು ನಾಯಿಯ ಮೈ ತೊಳೆದಿರಿ, ಬಿರುಕಿನಲ್ಲಿದ್ದವು ಹಾಗೇ ಉಳಿದವು. ಎರಡು ವಾರಕ್ಕೆ ಮತ್ತೆ ಬರುವುದು ಅದಕ್ಕೇ.

ನಾಯಿಗೆ ಚಿಕಿತ್ಸೆ ನಡೆಯುವ ಹೊತ್ತಿಗೇ ಮನೆಯನ್ನೂ ಹಿಡಿಯಬೇಕು. ಅದರ ಹಾಸಿಗೆ ಹಳೆಯದಾಗಿದ್ದರೆ ಎಸೆಯಿರಿ, ಇಲ್ಲವೇ ಕುದಿಯುವ ನೀರಿನಲ್ಲಿ ತೊಳೆಯಿರಿ. ಸೋಫಾ ಹಿಂದೆ, ಗೋಡೆಯ ಮೂಲೆ, ಫೋಟೋ ಹಿಂಬದಿ, ಸ್ವಿಚ್ ಬೋರ್ಡಿನ ಅಂಚು ಎಲ್ಲ ಕಡೆ ವ್ಯಾಕ್ಯೂಮ್ ಮಾಡಿ, ಕಸವನ್ನು ಕವರಿಗೆ ಹಾಕಿ ಬಿಗಿಯಾಗಿ ಕಟ್ಟಿ ಎಸೆಯಿರಿ. ಬಿರುಕನ್ನು ಸಿಮೆಂಟಿನಿಂದ ಮುಚ್ಚಿಸಿ. ಪೆಸ್ಟ್ ಕಂಟ್ರೋಲಿನವರನ್ನು ಕರೆಸಿದರೆ ಒಂದೇ ಸಲಕ್ಕೆ ಮುಗಿಸದೆ ಕೆಲವು ವಾರ ಬಿಟ್ಟು ಮತ್ತೆ ಹೊಡೆಸಿ, ಉಳಿದ ಮೊಟ್ಟೆ ಒಡೆದು ಮರಿ ಬಂದಿರುತ್ತವೆ. ಆ ದಿನ ಮಕ್ಕಳೂ ನಾಯಿಯೂ ಹೊರಗಿರಲಿ. ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆಥ್ರಿನ್ ಇರುವ ಔಷಧಿಯನ್ನು ನಾಯಿಗೂ ಹಚ್ಚಬೇಡಿ, ಬೆಕ್ಕಿಗೆ ಅದು ವಿಷ. ಈ ಉಣ್ಣೆ ಮನುಷ್ಯರನ್ನು ಕಚ್ಚುವುದು ಕಡಿಮೆ, ಆದರೆ ಕಚ್ಚಿದರೆ ಟೈಫಸ್ ಜ್ವರ (ಟೈಫಾಯಿಡ್ ಅಲ್ಲ) ತರಬಲ್ಲದು. ಮನೆಯಲ್ಲಿ ಯಾರಿಗಾದರೂ ಜ್ವರದ ಜೊತೆ ಮೈಮೇಲೆ ಕೆಂಪು ದದ್ದು ಬಂದರೆ ಉಣ್ಣೆಯ ವಿಷಯವನ್ನು ಡಾಕ್ಟರಿಗೆ ತಿಳಿಸಿ.

ಪ್ರಶ್ನೆ: ಮಗನ ಮನೆಗೆಂದು ಅಮೆರಿಕದ ಮ್ಯಾಸಚೂಸೆಟ್ಸ್‌ಗೆ ಬಂದಿದ್ದೇನೆ. ನಾಯಿಯನ್ನು ದಿನಾ ನಾನೇ ತಿರುಗಾಡಿಸುತ್ತೇನೆ. ಇಲ್ಲಿಯ ಉಣ್ಣೆಗೆ ಲೈಮ್ ಕಾಯಿಲೆ ಎಂದು ಹೆದರಿಸುತ್ತಾರೆ. ನಿಜವೇ?
– ಮೈಸೂರಿನ ಓದುಗರು

ಉತ್ತರ: ನಿಜ ತಾಯಿ, ಆ ರಾಜ್ಯದಲ್ಲಿ ಲೈಮ್ ಕಾಯಿಲೆ ಬಹಳ ಇದೆ. ಅದನ್ನು ತರುವುದು ಕರಿಗಾಲಿನ ಉಣ್ಣೆ. ಆದರೆ ಬ್ಯಾಕ್ಟೀರಿಯಾ ಮೈಗೆ ಸೇರಲು ಸಾಮಾನ್ಯವಾಗಿ ಅದು 24 ಗಂಟೆಗಿಂತ ಹೆಚ್ಚು ಹೊತ್ತು ಕಚ್ಚಿಕೊಂಡಿರಬೇಕು. ಹಾಗಾಗಿ ದಿನಾ ಸಂಜೆ ಮೊಣಕಾಲ ಹಿಂದೆ, ಕಂಕುಳು, ತೊಡೆಸಂದು, ಕೂದಲ ಬುಡ ನೋಡಿಕೊಳ್ಳಿ. ದಾರಿಯ ನಡುವೆ ನಡೆಯಿರಿ, ಅಂಚಿನ ಹುಲ್ಲಿಗೆ, ಎಲೆರಾಶಿಗೆ ಕಾಲಿಡಬೇಡಿ. ಕಚ್ಚಿದ ಜಾಗದ ಸುತ್ತ ದಿನದಿಂದ ದಿನಕ್ಕೆ ಅಗಲವಾಗುವ ಕೆಂಪು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ, ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಂಡರೆ ವಾಸಿಯಾಗುತ್ತದೆ. ಅಲ್ಲಿ ನಾಯಿಗಳಿಗೆ ಲೈಮ್ ಲಸಿಕೆ ಸಿಗುತ್ತದೆ, ಹಾಕಿಸಿದ್ದಾರೆಯೇ ಎಂದು ಮಗನನ್ನು ಕೇಳಿ. ಊರಿಗೆ ಬಂದಮೇಲೆ ಜ್ವರವೋ ಕೀಲುನೋವೋ ಬಂದರೆ ಅಮೆರಿಕದಲ್ಲಿ ನಾಯಿ ತಿರುಗಾಡಿಸುತ್ತಿದ್ದೆ ಎಂದು ಮೈಸೂರಿನ ಡಾಕ್ಟರಿಗೆ ಮೊದಲೇ ಹೇಳಿಬಿಡಿ.