ಕೆಲಸ ತೋರಣಗಲ್ಲಿನಲ್ಲಿ, ಜೊತೆಗೊಂದು ಕಾರು: ಬಳ್ಳಾರಿಯಲ್ಲಿ ಮನೆ ಎಲ್ಲಿ ಮಾಡಲಿ?

ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು, ಅರ್ಧಕ್ಕೆ ಬರುವಷ್ಟರಲ್ಲಿ ನಗು ನಿಂತಿತು. ಕೊಪ್ಪಳ ಬಿಟ್ಟು ಬರುತ್ತಿದ್ದೀರಿ. ಕೆಲಸ ತೋರಣಗಲ್ಲಿನ ಕಾರ್ಖಾನೆ ಕಡೆ. ಹೆಂಡತಿ, ಒಂದು ಮಗು, ಮಾರಲು ಮನಸ್ಸಿಲ್ಲದ ಒಂದು ಕಾರು. ಬಳ್ಳಾರಿ ಊರೊಳಗೆ ಕಾರು ನಿಲ್ಲಿಸಲು ಜಾಗ ಇರುವ ಮನೆ ಸಿಗುತ್ತಿಲ್ಲ, ಹೊರಗಿನ ಲೇಔಟಿನಲ್ಲಿ ಕಡಿಮೆ ಬಾಡಿಗೆಗೆ ಸಿಗುತ್ತಿದೆ. ಹೋಗಲೇ ಎಂದು ಕೇಳಿದ್ದೀರಿ. ಊರಿನ ಹೆಸರೊಂದು ಬದಲಾಯಿಸಿದರೆ ಇದು 2019ರ ನಾನೇ.

ಆಗ ನಾವು ಸತ್ಯನಾರಾಯಣ ಪೇಟೆ ಕಡೆ ಒಂದು ಓಣಿಯಲ್ಲಿದ್ದೆವು. ಎರಡು ಕೋಣೆ, ಒಂದು ಅಡುಗೆಮನೆ, ಬಾಡಿಗೆ 8,500. ಕಾರು ತಗೊಂಡು ಒಂದು ವರ್ಷ ಆಗಿತ್ತು. ಓಣಿ ಎಷ್ಟು ಅಗಲ ಅಂದರೆ, ಕಾರು ನಿಲ್ಲಿಸಿದ ಮೇಲೆ ತರಕಾರಿ ಬಂಡಿ ಹೋಗಬೇಕಾದರೆ ಕಾರಿನ ಕನ್ನಡಿ ಮಡಚಬೇಕು. ಎದುರು ಮನೆಯ ಅಜ್ಜಿ ನೀರು ಚಿಮುಕಿಸಿ ರಂಗೋಲಿ ಹಾಕುವ ಜಾಗವೂ ನನ್ನ ಕಾರಿನ ಜಾಗವೂ ಒಂದೇ. ಯಾರದಾದರೂ ಮದುವೆಗೆ ಚಪ್ಪರ ಹಾಕಿದರೆ ರಾತ್ರಿ ಹನ್ನೊಂದಕ್ಕೆ ಬಾಗಿಲು ಬಡಿಯುತ್ತಿದ್ದರು, "ಅಣ್ಣಾ, ಗಾಡಿ ಸ್ವಲ್ಪ ತಗೀರಿ". ತೆಗೆದು ಎಲ್ಲಿ ಇಡಬೇಕು ಎಂದು ಯಾರೂ ಹೇಳುತ್ತಿರಲಿಲ್ಲ. ಒಂದು ದಿನ ಬೆಳಿಗ್ಗೆ ನೋಡಿದರೆ ಎಡಗಡೆಯ ಎರಡೂ ಬಾಗಿಲಿಗೆ ಮೊಳೆಯಿಂದ ಗೀರಿದ ಉದ್ದ ಗೆರೆ. ಸಾಕು, ಕಾರಿಗೆ ಜಾಗ ಇರುವ ಮನೆಗೇ ಹೋಗೋಣ ಅಂದೆ.

ಸಿಕ್ಕಿದ್ದು ಮೋಕಾ ರಸ್ತೆಯಲ್ಲಿ, ಸಂಗನಕಲ್ಲು ಕಡೆ, ಒಂದು ಹೊಸ ಲೇಔಟಿನಲ್ಲಿ. ಸಂಗನಕಲ್ಲು ಗೊತ್ತಲ್ವಾ? ಸಾವಿರಾರು ವರ್ಷದ ಹಿಂದೆ ಅಲ್ಲಿನ ಗುಡ್ಡಗಳ ಮೇಲೆ ಜನ ಕೂತು ಕಲ್ಲಿನ ಕೊಡಲಿ ಮಾಡುತ್ತಿದ್ದರು. ಅವರಿಗೆ ಆ ಜಾಗ ಚೆನ್ನಾಗಿ ಹಿಡಿಸಿತ್ತು. ಅವರಿಗೆ ಬೆಳಿಗ್ಗೆ ಆರರ ಶಿಫ್ಟು ಇರಲಿಲ್ಲ.

ಏಪ್ರಿಲ್ ತಿಂಗಳ ಒಂದು ಭಾನುವಾರ ಮನೆ ನೋಡಲು ಹೋದೆವು. ರಾಯಲ್ ಸರ್ಕಲ್‌ನಿಂದ 9 ಕಿಲೋಮೀಟರ್, ರಸ್ತೆ ಖಾಲಿ, ಕಾಲು ಗಂಟೆಯಲ್ಲಿ ಮುಟ್ಟಿದೆವು. ಬಾಡಿಗೆ 6,000. ಕಾಂಪೌಂಡು, ದೊಡ್ಡ ಗೇಟು, ಕಾರಿಗೆಂದೇ ತಗಡಿನ ಶೆಡ್ಡು. ನಾನು ಗೇಟಿನ ಅಗಲ ಟೇಪು ಹಿಡಿದು ಅಳೆದೆ. ನಿಜ, ಜೇಬಿನಲ್ಲಿ ಟೇಪು ಇಟ್ಟುಕೊಂಡೇ ಹೋಗಿದ್ದೆ. ಹೆಂಡತಿ ಅಡುಗೆಮನೆಯ ನಲ್ಲಿ ತಿರುಗಿಸಿ ನೋಡುತ್ತಿದ್ದಳು. ಅಲ್ಲಿಂದಲೇ ಕೇಳಿದಳು, "ಇಲ್ಲಿಂದ ನಾ ಕೆಲಸಕ್ಕೆ ಹೆಂಗ್ ಹೋಗ್ಲಿ?"

"ಕಾರೈತಲ್ಲ" ಅಂದೆ.

ತಪ್ಪು ಅಲ್ಲೇ ಆಯಿತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಉದ್ದ ಆಯಿತು ಅಂದುಕೊಳ್ಳಬೇಡಿ. "ಹೇಗೂ ಕಾರಿದೆಯಲ್ಲ" ಎಂದು ನೀವೂ ಬರೆದಿದ್ದೀರಿ.

ಓಣಿಯಲ್ಲಿದ್ದಾಗ ನಮ್ಮ ದಿನ ಹೇಗಿತ್ತು ನೋಡಿ. ನಾನು ನಡೆದು ಹೋಗಿ ಕಂಪನಿ ಬಸ್ಸು ಹತ್ತುತ್ತಿದ್ದೆ. ತೋರಣಗಲ್ಲಿಗೆ ಸುಮಾರು 30 ಕಿಲೋಮೀಟರ್, ಬಸ್ಸಿನಲ್ಲೇ ಒಂದು ನಿದ್ದೆ ಆಗುತ್ತಿತ್ತು. ಹೆಂಡತಿ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಲೆಕ್ಕ ಬರೆಯುತ್ತಿದ್ದಳು. ಮನೆಯಿಂದ ಹನ್ನೆರಡು ನಿಮಿಷದ ನಡಿಗೆ, ಸಂಬಳ 13,000. ಮಗಳ ಸ್ಕೂಲು ಎರಡು ಓಣಿ ಆಚೆ. ಕಾರು ವಾರವಿಡೀ ಬಾಗಿಲ ಮುಂದೆ ಜಗಳ ಹಚ್ಚುತ್ತಾ ನಿಂತಿರುತ್ತಿತ್ತು. ಭಾನುವಾರ ಹಂಪಿಗೋ ಸಿರುಗುಪ್ಪಕ್ಕೋ ಹೋಗುತ್ತಿದ್ದೆವು. ಅಂದರೆ ನಾವು ಮೂವರೂ ಕಾರಿಲ್ಲದೆಯೇ ಬದುಕುತ್ತಿದ್ದೆವು. ಅದು ಆ ಮನೆ ಇದ್ದ ಜಾಗದಿಂದ ಸಾಧ್ಯವಾಗಿತ್ತು. ನನಗೆ ಕಂಡಿದ್ದು ಬಾಗಿಲಿನ ಗೀರು ಮಾತ್ರ.

ಲೇಔಟಿಗೆ ಹೋದ ಮೇಲೆ ಕಂಪನಿ ಬಸ್ಸಿನ ಸ್ಟಾಪು 9 ಕಿಲೋಮೀಟರ್ ದೂರ. ಬಸ್ಸು ಬೆಳಿಗ್ಗೆ ಐದಕ್ಕೆಲ್ಲಾ ಬಿಡುತ್ತದೆ. ಅಷ್ಟು ಹೊತ್ತಿಗೆ ಲೇಔಟಿಗೆ ಆಟೋ ಬರುವುದಿಲ್ಲ. ಸರ್ಕಲ್‌ವರೆಗೆ ಕಾರಿನಲ್ಲಿ ಹೋಗೋಣ ಅಂದರೆ ಅಲ್ಲಿ ಕಾರು ಎಲ್ಲಿ ಬಿಡುವುದು? ಮತ್ತೆ ಅದೇ ಜಾಗದ ತಂಟೆ. ಸರಿ, ಪೂರ್ತಿ ಕಾರಿನಲ್ಲೇ ಹೋಗಲು ಶುರು ಮಾಡಿದೆ. ಮೋಕಾ ರಸ್ತೆ ಊರಿನ ಒಂದು ದಿಕ್ಕಿಗೆ, ತೋರಣಗಲ್ಲು ಇನ್ನೊಂದು ದಿಕ್ಕಿಗೆ. ದಿನಾ ಇಡೀ ಬಳ್ಳಾರಿ ದಾಟಿ ಹೋಗಬೇಕು, ದಾಟಿ ಬರಬೇಕು. ಸಂಜೆ ಹೊತ್ತಿನಲ್ಲಿ ರೈಲ್ವೆ ಗೇಟು ಬಿದ್ದು ಅದಿರಿನ ಗೂಡ್ಸು ಬಂತೆಂದರೆ ಎಂಜಿನ್ ಆಫ್ ಮಾಡಿ ಕೆಳಗಿಳಿದು ಮಂಡಕ್ಕಿ ತಿನ್ನಬಹುದು.

ಕಾರು ಬೆಳಿಗ್ಗೆ ನನ್ನ ಜೊತೆ ಹೊರಟುಬಿಡುತ್ತಿತ್ತು. ಮನೆಯಲ್ಲಿ ಉಳಿದವರಿಗೆ ತಗಡಿನ ಶೆಡ್ಡು ಉಳಿಯುತ್ತಿತ್ತು.

ಕಾರಿಗೋಸ್ಕರ ಮನೆ ಬದಲಾಯಿಸಿದೆ. ಮನೆ ದೂರ ಆಗಿದ್ದಕ್ಕೆ ಕಾರು ದಿನಾ ಒಯ್ಯಬೇಕಾಯಿತು. ದಿನಾ ಒಯ್ದದ್ದಕ್ಕೆ ಮನೆಯಲ್ಲಿ ಕಾರಿಲ್ಲ. ಕಾರಿಲ್ಲದೆ ಹಾಲಿನ ಪ್ಯಾಕೆಟ್ಟೂ ಸಿಗದ ಜಾಗಕ್ಕೆ ಇಬ್ಬರನ್ನು ಕರೆದುಕೊಂಡು ಹೋಗಿ ಬಿಟ್ಟು, ಕಾರನ್ನು ನಾನು ತಗೊಂಡು ಹೋದೆ. ಗೇಟು ಅಳೆದವನಿಗೆ ಇದು ಹೊಳೆಯಲಿಲ್ಲ. ನಲ್ಲಿ ತಿರುಗಿಸುತ್ತಿದ್ದವಳಿಗೆ ಅವತ್ತೇ ಹೊಳೆದಿತ್ತು.

ಅವಳು ಎರಡು ತಿಂಗಳು ಒದ್ದಾಡಿದಳು. ಮುಖ್ಯ ರಸ್ತೆಯವರೆಗೆ ಒಂದು ಕಿಲೋಮೀಟರ್ ನಡಿಗೆ, ಅಲ್ಲಿ ಶೇರ್ ಆಟೋ ಬಂದರೆ ಬಂತು. ಮಗಳಿಗೆ ಬೇರೆ ಆಟೋ ಮಾಡಿದೆವು, ತಿಂಗಳಿಗೆ 1,800. ಯೂನಿಟ್ಟಿನಲ್ಲಿ ದಿನಾ ತಡ ಆಗಿ ಮಾತು ಕೇಳಬೇಕಾಯಿತು. ಮೂರನೇ ತಿಂಗಳು ಕೆಲಸ ಬಿಟ್ಟಳು. ನಾನು ಏನಂದೆ ಗೊತ್ತಾ? "ಹೋಗ್ಲಿ ಬಿಡು, ಮನೇಲಿ ಆರಾಮ ಇರು." ಈಗ ನೆನೆಸಿಕೊಂಡರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಲೆಕ್ಕ ಹೇಳುತ್ತೇನೆ. ದಿನಕ್ಕೆ 78 ಕಿಲೋಮೀಟರ್, ತಿಂಗಳಿಗೆ 26 ದಿನ, ಅಂದರೆ 2,000 ಕಿಲೋಮೀಟರ್ ದಾಟುತ್ತದೆ. ನನ್ನ ಗಾಡಿ ಲೀಟರಿಗೆ 18 ಕೊಡುತ್ತದೆ. ಪೆಟ್ರೋಲು ನೂರು ದಾಟಿದ ಮೇಲೆ ತಿಂಗಳಿಗೆ 11 ಸಾವಿರದ ಮೇಲೆ. ಮೊದಲು 2 ಸಾವಿರದಲ್ಲಿ ಮುಗಿಯುತ್ತಿತ್ತು. ಬಾಡಿಗೆಯಲ್ಲಿ ಉಳಿಸಿದ್ದು 2,500. ಪೆಟ್ರೋಲಿನಲ್ಲಿ ಜಾಸ್ತಿ ಹೋದದ್ದು 9,000, ಮಗಳ ಆಟೋಕ್ಕೆ 1,800, ಹೆಂಡತಿಯ ಸಂಬಳ 13,000. ಉಳಿಸಿದ್ದನ್ನು ಕಳೆದರೂ ತಿಂಗಳಿಗೆ 21 ಸಾವಿರ ಮಣ್ಣಿಗೆ ಹೋಯಿತು. ಟೈರು, ಸರ್ವಿಸು ಇದರಲ್ಲಿ ಸೇರಿಲ್ಲ. ಇದನ್ನು ನಾನು ಕಾಗದದ ಮೇಲೆ ಬರೆದದ್ದು ಎರಡೂವರೆ ವರ್ಷ ಆದ ಮೇಲೆ. ಅಲ್ಲಿಯವರೆಗೆ "ಬಾಡಿಗೆ ಆರೇ ಸಾವಿರ" ಎಂದು ಊರೆಲ್ಲಾ ಹೇಳಿಕೊಂಡು ತಿರುಗುತ್ತಿದ್ದೆ.

2020ರಲ್ಲಿ ಲಾಕ್‌ಡೌನ್ ಆದಾಗ ಕೆಲವು ವಾರ ಆ ಮನೆ ಚೆನ್ನಾಗಿತ್ತು. ಅಷ್ಟೇ.

ಇನ್ನು ಮಣ್ಣು. ನಮ್ಮ ಕಡೆ ಎರೆ ಭೂಮಿ ಅಂದರೆ ನಿಮಗೆ ಹೇಳಿಕೊಡಬೇಕಿಲ್ಲ, ಕೊಪ್ಪಳದಲ್ಲೂ ಇದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆ ಬಿದ್ದರೆ ಬೆಣ್ಣೆ. ನಾವು ಮನೆ ನೋಡಿದ್ದು ಏಪ್ರಿಲ್‌ನಲ್ಲಿ, ನೆಲ ಸಿಮೆಂಟಿನ ಹಾಗಿತ್ತು. ಲೇಔಟಿನ ನಕ್ಷೆಯಲ್ಲಿ 30 ಅಡಿ ಡಾಂಬರು ರಸ್ತೆ ಇತ್ತು, ನಕ್ಷೆಯಲ್ಲಿ ಮಾತ್ರ. ಸೆಪ್ಟೆಂಬರ್‌ನಲ್ಲಿ ಒಂದು ರಾತ್ರಿ ಮನೆಗೆ ಮುನ್ನೂರು ಮೀಟರ್ ಇದ್ದಾಗ ಮುಂದಿನ ಚಕ್ರ ಹೂತುಹೋಯಿತು. ಆಕ್ಸಿಲರೇಟರ್ ತುಳಿದಷ್ಟೂ ಇಳಿಯಿತು. ಬೂಟು ಕೈಯಲ್ಲಿ ಹಿಡಿದು ನಡೆದು ಬಂದೆ. ಹೆಂಡತಿ ಬಾಗಿಲು ತೆಗೆದು ನನ್ನ ಕಾಲು ನೋಡಿದಳು, ಹಿಂದೆ ಕತ್ತಲು ನೋಡಿದಳು.

"ಕಾರೈತಲ್ಲ ಅಂದಿದ್ರಿ. ಎಲ್ಲೈತೆ?"

ಮಾರನೇ ದಿನ ಟ್ರ್ಯಾಕ್ಟರಿನವರು ಎಳೆದು ಕೊಟ್ಟರು. ಅದೇ ವರ್ಷ ಪಕ್ಕದ ಹೊಲದಲ್ಲಿ ಭತ್ತ ಕೊಯ್ದ ಮೇಲೆ ಇಲಿಗಳು ಕಾರಿಗೆ ಬಂದವು. ಬೆಚ್ಚಗಿನ ಎಂಜಿನ್, ಮೆತ್ತನೆಯ ವೈರು, ಮೇಲೆ ನಾನೇ ಒದಗಿಸಿದ ಶೆಡ್ಡು. ವೈರಿಂಗ್ ಬಿಲ್ಲು 6,400. ಮೆಕ್ಯಾನಿಕ್ ಬಾನೆಟ್ಟಿನೊಳಗೆ ಹೊಗೆಸೊಪ್ಪಿನ ಕಡ್ಡಿ ಕಟ್ಟಲು ಹೇಳಿದ. ಕಟ್ಟಿದೆ. ಇಲಿ ಹೋದವೋ ಇಲ್ಲವೋ, ಎರಡು ವಾರ ಎ.ಸಿ. ಹಾಕಿದರೆ ಕಾರೆಲ್ಲಾ ಹೊಗೆಸೊಪ್ಪಿನ ವಾಸನೆ.

2022ರ ಜೂನ್‌ನಲ್ಲಿ ಊರೊಳಗೆ ವಾಪಸ್ ಬಂದೆವು. ಈ ಸಲ ಮನೆ ಹುಡುಕಿದ್ದು ಹೆಂಡತಿ. ಹೊಸಪೇಟೆ ರಸ್ತೆ ಕಡೆ, ಕಂಪನಿ ಬಸ್ಸಿನ ಸ್ಟಾಪಿಗೆ ಐದು ನಿಮಿಷ, ಬಾಡಿಗೆ 9,500. ಕಾರಿಗೆ ಜಾಗ ಇಲ್ಲ. ನಾನು ಬಾಯಿ ತೆಗೆಯುವ ಮೊದಲೇ ಅವಳು ಹೇಳಿದಳು, "ಅದಕ್ಕೆ ಬ್ಯಾರೆ ಮನಿ ನೋಡೀನಿ." ಹಿಂದಿನ ಬೀದಿಯಲ್ಲಿ ಒಬ್ಬ ಹಿರಿಯರದು ಖಾಲಿ ಸೈಟು, ಕಾಂಪೌಂಡು ಇದೆ, ಬೀಗ ಇದೆ. ಅವರಿಗೆ ತಿಂಗಳಿಗೆ 800 ಕೊಡುತ್ತೇವೆ. ಅಲ್ಲಿ ನಮ್ಮದೂ ಸೇರಿ ನಾಲ್ಕು ಕಾರು ನಿಲ್ಲುತ್ತವೆ. ಆ ಹಿರಿಯರು ಸಂಜೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ, ಅವರ ಕಣ್ಣು ತಪ್ಪಿಸಿ ಒಂದು ಗೀರು ಬೀಳುವುದಿಲ್ಲ.

ಹಾಗಾಗಿ "ಪಾರ್ಕಿಂಗ್ ಇರುವ ಮನೆ ಯಾವ ಏರಿಯಾದಲ್ಲಿ ಸಿಗುತ್ತದೆ" ಎನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕಾರಿಗೂ ಮನೆಗೂ ಒಂದೇ ವಿಳಾಸ ಯಾಕೆ ಬೇಕು? ಕಾರು ಓಡಿಸದೆ ಮನೆಯಲ್ಲಿ ಉಳಿಯುವವರು ಯಾರು ಎಂದು ನೋಡಿ, ಅವರಿಗೆ ಮನೆ ಮಾಡಿ. ಕಾರಿಗೆ ಐದು ನಿಮಿಷ ನಡೆಯುವ ದೂರದಲ್ಲಿ ಜಾಗ ಹುಡುಕಿ. ಹಳೆಯ ಬಡಾವಣೆಗಳಲ್ಲಿ ಖಾಲಿ ಸೈಟು ಇಟ್ಟುಕೊಂಡವರು ಬೇಕಾದಷ್ಟು ಇದ್ದಾರೆ. ಬೋರ್ಡು ಹಾಕಿರುವುದಿಲ್ಲ, ಕಿರಾಣಿ ಅಂಗಡಿಯಲ್ಲಿ ಕೇಳಬೇಕು. ನೆರಳಿರುವ ಜಾಗವೇ ನೋಡಿ. ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅನ್ನುತ್ತಾರಲ್ಲ, 42 ಡಿಗ್ರಿಯಲ್ಲಿ ದಿನವಿಡೀ ನಿಂತರೆ ಬ್ಯಾಟರಿ ಬೇಗ ಸಾಯುತ್ತದೆ.

ತೋರಣಗಲ್ಲಿನಲ್ಲೇ ಇದ್ದರೆ ಹೇಗೆ ಎಂದು ಕೇಳಿದ್ದೀರಿ. ಒಬ್ಬರೇ ಇದ್ದರೆ ಇರಿ. ಅದೇ ತಾಲ್ಲೂಕಿನ ಸಂಡೂರಿನಲ್ಲಿ ಮನೆ ಮಾಡೋಣ ಅಂದರೆ, ಊರು ಹಸಿರು, ತಂಪು, ನನಗೆ ತುಂಬಾ ಇಷ್ಟ, ಆದರೆ ದಿನಾ ಅದಿರು ಲಾರಿಗಳ ಹಿಂದೆ ಕೆಂಪು ಧೂಳು ಕುಡಿಯುತ್ತಾ ಓಡಿಸುವ ತಾಳ್ಮೆ ಬೇಕು. ನನಗೆ ಅರ್ಥವಾಗದ್ದು ಒಂದೇ: ಕೊಪ್ಪಳದವರು ನೀವು, ಬಳ್ಳಾರಿಯೇ ಯಾಕೆ? ತೋರಣಗಲ್ಲು ಹೊಸಪೇಟೆಗೂ ಬಳ್ಳಾರಿಗೂ ಹೆಚ್ಚುಕಡಿಮೆ ನಡುವೆ ಇದೆ. ಹೊಸಪೇಟೆ 2021ರಿಂದ ವಿಜಯನಗರ ಜಿಲ್ಲೆಯ ಕೇಂದ್ರ, ಸ್ಕೂಲು ಆಸ್ಪತ್ರೆಗೆ ಕೊರತೆ ಇಲ್ಲ. ಅಲ್ಲಿಂದ ನಿಮ್ಮೂರು ಅರ್ಧ ಮುಕ್ಕಾಲು ಗಂಟೆ. ಬಳ್ಳಾರಿಯಿಂದಾದರೆ ನೂರು ಕಿಲೋಮೀಟರಿಗೆ ಹತ್ತಿರ. ನಿಮ್ಮ ಕಂಪನಿಯ ಬಸ್ಸು ಹೊಸಪೇಟೆಗೂ ಹೋಗುತ್ತದೆಯೇ ಎಂದು ಮೊದಲು ಕೇಳಿ. ಹೋಗುತ್ತದೆ ಅಂದರೆ ನನ್ನ ಪ್ರಕಾರ ಬಳ್ಳಾರಿಯನ್ನು ಬಿಟ್ಟುಬಿಡಿ. ಬಳ್ಳಾರಿಯವನಾಗಿ ಇದನ್ನು ಹೇಳಬಾರದು, ಆದರೂ ಹೇಳುತ್ತಿದ್ದೇನೆ.

ಎಲ್ಲೇ ಮಾಡಿದರೂ ಸರ್ಕಾರಿ ಬಸ್ಸು ಓಡಾಡುವ ರಸ್ತೆಗೆ ನಡೆದು ಮುಟ್ಟುವ ಹಾಗಿರಲಿ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಫ್ರೀ. ನಾವು ಲೇಔಟಿನಲ್ಲಿದ್ದಾಗ ಇದು ಇರಲಿಲ್ಲ, ಇದ್ದಿದ್ದರೂ ಆ ರಸ್ತೆಗೆ ಬಸ್ಸೇ ತಿರುಗುತ್ತಿರಲಿಲ್ಲ. ಇನ್ನು ಕೊಪ್ಪಳಕ್ಕೆ ಹೋಗಲು ಕಾರು ಬೇಕೇ ಬೇಕು ಅಂದಿದ್ದೀರಿ. ಯಾಕೆ? ಹುಬ್ಬಳ್ಳಿ–ಗುಂತಕಲ್ ರೈಲು ಮಾರ್ಗ ಕೊಪ್ಪಳ, ಹೊಸಪೇಟೆ, ತೋರಣಗಲ್ಲು, ಬಳ್ಳಾರಿ ಎಲ್ಲವನ್ನೂ ಮುಟ್ಟಿಕೊಂಡೇ ಹೋಗುತ್ತದೆ.

ಇಷ್ಟು ಹೇಳಿದ ಮೇಲೂ ಆ ಲೇಔಟಿನ ಮನೆ ಮನಸ್ಸಿನಿಂದ ಹೋಗದಿದ್ದರೆ, ಒಳ್ಳೆಯ ಮಳೆ ಬಿದ್ದ ಮಾರನೇ ದಿನ, ಸೋಮವಾರ, ಸಂಜೆ ಆರೂವರೆಗೆ ಹೋಗಿ ನೋಡಿ. ಮನೆಯವರನ್ನೂ ಕರೆದುಕೊಂಡು ಹೋಗಿ. ಕಾರಿನಲ್ಲಿ ಬೇಡ.

ಅಂದಹಾಗೆ ನಿಮ್ಮ ಕೆಎ-37 ನಂಬರಿನ ಬಗ್ಗೆ ಕೇಳಿದ್ದಿರಿ. ರಾಜ್ಯದೊಳಗೇ ಊರು ಬದಲಾಯಿಸಿದರೆ ಮತ್ತೆ ರಸ್ತೆ ತೆರಿಗೆ ಕಟ್ಟಬೇಕಿಲ್ಲ, ನಂಬರೂ ಬದಲಾಗುವುದಿಲ್ಲ. ಆರ್‌.ಸಿ.ಯಲ್ಲಿ ವಿಳಾಸ ಮಾತ್ರ ಬದಲಾಯಿಸಿಕೊಳ್ಳಿ. ಬಾಡಿಗೆ ಕರಾರು ಪತ್ರ ಬೇಕಾಗುತ್ತದೆ, ಮನೆ ಓನರ್ ಹತ್ತಿರ ಅಡ್ವಾನ್ಸ್ ಕೊಡುವ ದಿನವೇ ಬರೆಸಿಕೊಳ್ಳಿ, ಆಮೇಲೆ ಅಲೆದಾಡಿಸುತ್ತಾರೆ. ನನ್ನ ಹೆಂಡತಿ ಈಗ ಬೇರೆ ಜೀನ್ಸ್ ಯೂನಿಟ್ಟಿಗೆ ಹೋಗುತ್ತಿದ್ದಾಳೆ, ಮೊದಲಿಗಿಂತ ಎರಡು ಸಾವಿರ ಕಡಿಮೆಗೆ. ಮೂರು ವರ್ಷ ಮನೆಯಲ್ಲಿ ಕೂತವರಿಗೆ ಅಷ್ಟೇ ಕೊಡುತ್ತಾರಂತೆ.