ಕುದುರೆ ಬಿಲ್ಲುಗಾರರನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಮೆಡೀವಲ್ 2 ಟೋಟಲ್ ವಾರ್ ಎಂಬ ಕಂಪ್ಯೂಟರ್ ಯುದ್ಧದ ಆಟದಲ್ಲಿ ತುರ್ಕರ ಸೈನ್ಯ ಆಡಿಸುತ್ತಿದ್ದೇನೆ. ಕುದುರೆ ಬಿಲ್ಲುಗಾರರು ಪ್ರತಿ ಸಲ ನೈಟ್‌ಗಳ (ಕವಚ ತೊಟ್ಟ ಯುರೋಪಿನ ಕುದುರೆ ಸವಾರರು) ಕೈಗೆ ಸಿಕ್ಕಿ ಸಾಯುತ್ತಾರೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಅವರನ್ನು ಎದುರಿಗೇ ಸಾಲಾಗಿ ನಿಲ್ಲಿಸುತ್ತಿದ್ದೀರಿ, ಅಲ್ವಾ? ಈ ಆಟದಲ್ಲಿ ಗುರಾಣಿ ಕಾಯುವುದು ಮುಂದೆ ಮತ್ತು ಎಡಗಡೆ ಮಾತ್ರ. ಹಾಗಾಗಿ ಒಂದು ತುಕಡಿ ಎದುರಿಗೆ ಕೆಣಕುತ್ತಿರಲಿ, ಇನ್ನೆರಡು ಸುತ್ತಿ ಬಂದು ಶತ್ರುವಿನ ಬಲಗಡೆಯಿಂದಲೋ ಬೆನ್ನ ಹಿಂದಿನಿಂದಲೋ ಬಾಣ ಬಿಡಲಿ, ಆಗ ನೋಡಿ ಎಷ್ಟು ಜನ ಉರುಳುತ್ತಾರೆ ಅಂತ. ಸ್ಕರ್ಮಿಶ್ (ದೂರ ಕಾಯ್ದುಕೊಂಡು ಕಾದಾಡುವ ಆಜ್ಞೆ) ಹಾಕಿಟ್ಟರೆ ಶತ್ರು ಹತ್ತಿರ ಬಂದಾಗ ತಾವೇ ಹಿಂದೆ ಸರಿಯುತ್ತಾರೆ. ಮೈದಾನದ ಅಂಚಿನಲ್ಲಿ ಮಾತ್ರ ಅದನ್ನು ನಂಬಬೇಡಿ, ಮೂಲೆಗೆ ಸಿಕ್ಕಿಕೊಳ್ಳುತ್ತಾರೆ. ನೈಟ್‌ಗಳು ಅಟ್ಟಿಸಿಕೊಂಡು ಬಂದು ಸುಸ್ತಾಗಲಿ, ಆಮೇಲೆ ಭರ್ಜಿಯ ಕುದುರೆಗಳನ್ನು ನುಗ್ಗಿಸಿ. ಬೆಂಕಿ ಬಾಣ ಸುಮ್ನೆ ಬಳಸಬೇಡಿ, ಗುರಿ ತಪ್ಪುವುದು ಜಾಸ್ತಿ; ಶತ್ರು ಆಗಲೇ ಕಂಗೆಟ್ಟಿದ್ದರೆ ಓಡಿಸಲು ಸಾಕು.

ಕ್ರಾಸ್‌ಬೋ (ಕುದುರೆ ಒತ್ತಿ ಬಾಣ ಹಾರಿಸುವ ಅಡ್ಡಬಿಲ್ಲು) ಹಿಡಿದ ಕಾಲಾಳುಗಳ ಜೊತೆ ಮಾತ್ರ ಬಾಣಕ್ಕೆ ಬಾಣ ಬೇಡ. 1191ರಲ್ಲಿ ಅರ್ಸುಫ್ ಕಾಳಗದಲ್ಲಿ ಮುಸ್ಲಿಂ ಸುಲ್ತಾನ ಸಲಾದಿನ್‌ನ ಕುದುರೆ ಬಿಲ್ಲುಗಾರರಿಗೂ ಇಂಥ ಕಾಲಾಳುಗಳೇ ದೊಡ್ಡ ತೊಡಕಾಗಿದ್ದರು. ಆದರೆ ಅದಕ್ಕೂ ಮೊದಲು, 1187ರ ಹತ್ತೀನ್ ಕಾಳಗದಲ್ಲಿ ಸಲಾದಿನ್, ನೀರಿಲ್ಲದೆ ಬಳಲಿದ ಕ್ರುಸೇಡರ್‌ಗಳನ್ನು (ಯುರೋಪಿನ ಕ್ರೈಸ್ತ ಧರ್ಮಯೋಧರು) ಸುತ್ತುವರಿದು, ಒಣಹುಲ್ಲಿಗೆ ಬೆಂಕಿ ಹಚ್ಚಿ, ಬಾಣ ಸುರಿದು ಗೆದ್ದಿದ್ದ.