ಸಂಪಾದಕರ ಉತ್ತರ: ಬೋಟಿಗಿಂತ ಮೊದಲು ಬರುವವರು

ಹೊಳೆಆಲೂರಿನ ಓದುಗರೊಬ್ಬರ ಪತ್ರದ ಸಾರ: ‘ಮಲಪ್ರಭೆ ಉಕ್ಕಿದಾಗಲೆಲ್ಲ ನಾವು ಬೋಟಿನ ದಾರಿ ಕಾಯಬೇಕೇ? ಜಪಾನಿನಂಥ ದೇಶಗಳೆಲ್ಲ ಕೂಡಿ ಒಂದು ಜಾಗತಿಕ ರಕ್ಷಣಾ ಪಡೆ ಕಟ್ಟಬಾರದೇ? ಹೊರಗಿನ ನೆರವು ಬೇಡವೆನ್ನುವ ನಮ್ಮ ಸರಕಾರಕ್ಕೆ ಇದೆಂಥ ಬಿಗುಮಾನ?’

ಬಿಗುಮಾನದ ಮಾತು ಒಪ್ಪಿದೆ ಸರ್. 2008ರ ನರ್ಗಿಸ್ ಚಂಡಮಾರುತದ ಹೊತ್ತಿಗೆ ಮ್ಯಾನ್ಮಾರಿನ ಸೇನಾಡಳಿತ ಹೊರದೇಶದ ಪರಿಹಾರ ಸಿಬ್ಬಂದಿಯನ್ನು ವೀಸಾಕ್ಕಾಗಿ ವಾರಗಟ್ಟಲೆ ಸತಾಯಿಸಿತು. ಬೋಟು, ಯಂತ್ರ, ಪಡೆಗಳನ್ನೂ ಹಳಿಯಲಾರೆ. 2019ರ ಮಾರ್ಚಿನಲ್ಲಿ ಧಾರವಾಡದ ಕುಮಾರೇಶ್ವರ ನಗರದ ಕಟ್ಟಡ ಕುಸಿದು 19 ಮಂದಿ ಸತ್ತರು. ದಿನಗಳು ಕಳೆದ ಮೇಲೂ ಅವಶೇಷದಡಿಯಿಂದ ಜೀವಂತ ಹೊರತೆಗೆದದ್ದು ತರಬೇತಾದ ಪಡೆಯೇ.

ಆದರೆ ಇಷ್ಟುದ್ದದ ಪತ್ರದಲ್ಲಿ ನಿಮ್ಮೂರಿನವರೇ ಇಲ್ಲವಲ್ಲ! ಅದೇ ವರ್ಷ ಆಗಸ್ಟಿನಲ್ಲಿ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಾಗ ದನದ ಹಗ್ಗ ಬಿಚ್ಚಿದವರು, ಜೋಳದ ಚೀಲ ಮಾಳಿಗೆಗೆ ಏರಿಸಿದವರು, ನಡೆಯಲಾರದ ಮುದುಕಿಯನ್ನು ಬೆನ್ನಿಗೆ ಹೊತ್ತು ಎದೆಮಟ್ಟದ ನೀರು ದಾಟಿಸಿದವರು ಯಾವ ದೇಶದಿಂದ ಬಂದಿದ್ದರು? ನೀವು ಹೊಗಳುವ ಜಪಾನಿನಲ್ಲೂ 1995ರ ಕೋಬೆ ಭೂಕಂಪದಲ್ಲಿ ಸಿಕ್ಕಿಬಿದ್ದವರಲ್ಲಿ ಬಹುಪಾಲು ಮಂದಿಯನ್ನು ಹೊರಗೆಳೆದದ್ದು ಮನೆಯವರು ಮತ್ತು ನೆರೆಯವರು.

ಕಲಿಯುವುದಾದರೆ ಟೋಕಿಯೊಕ್ಕಿಂತ ಮೊದಲು ಬಾಂಗ್ಲಾದೇಶದ ಢಾಕಾ ಕಡೆ ನೋಡಿ. (ಬಡವನಿಂದ ಪಾಠ ಹೇಳಿಸಿಕೊಳ್ಳಲು ನಮಗೆ ನಾಚಿಕೆ, ಅದು ಬೇರೆ ಮಾತು.) 1970ರ ಭೋಲಾ ಚಂಡಮಾರುತ ಅಲ್ಲಿ ಕಡಿಮೆಯೆಂದರೂ 3 ಲಕ್ಷ ಜನರನ್ನು ನುಂಗಿತು. 1972ರಿಂದ ಅವರು ಕರಾವಳಿಯ ಹಳ್ಳಿಹಳ್ಳಿಯಲ್ಲೂ ಸ್ವಯಂಸೇವಕರನ್ನು ತಯಾರು ಮಾಡಿದರು. ಕೈಯಲ್ಲೊಂದು ಮೆಗಾಫೋನು, ಕಂಬಕ್ಕೆ ಬಾವುಟ. ಬಾವುಟ ಮೂರಾದರೆ ಅಪಾಯ ಬಾಗಿಲಿಗೇ ಬಂತೆಂದು ಓದು ಬಾರದವರಿಗೂ ತಿಳಿಯುತ್ತದೆ. ಈಗ ಅಂಥವರು 76 ಸಾವಿರ ದಾಟಿದ್ದಾರೆ, ಅರ್ಧದಷ್ಟು ಹೆಣ್ಣುಮಕ್ಕಳು. 2007ರಲ್ಲಿ ಸಿದ್ರ್ ಎಂಬ ಭಾರೀ ಚಂಡಮಾರುತ ಬಂದಾಗ ಸಾವು ಸುಮಾರು ಮೂರೂವರೆ ಸಾವಿರ. ಇದರ ಹಿಂದೆ ರೆಡ್ ಕ್ರಾಸ್, ರೆಡ್ ಕ್ರೆಸೆಂಟ್ ಸಂಸ್ಥೆಗಳ ನೆರವೂ ಇತ್ತು. ದೇಶದೇಶಗಳ ಸಹಕಾರ ಎಂದರೆ ನನಗೆ ಇಂಥದ್ದು. ವಿಮಾನದಿಂದ ಕಂಬಳಿ ಇಳಿಸಿ ಫೋಟೊ ಹೊಡೆಸಿಕೊಳ್ಳುವುದು ಆಮೇಲಿನ ಮಾತು.

2015ರಲ್ಲಿ ಜಪಾನಿನ ಸೆಂಡೈ ಪಟ್ಟಣದಲ್ಲಿ ದೇಶಗಳೆಲ್ಲ ಸೇರಿ ಒಪ್ಪಿದ ಕಾಗದದಲ್ಲಿ ಮುನ್ಸೂಚನೆ ಜನರಿಗೆ ಮುಟ್ಟಬೇಕೆಂದು ಬರೆದಿದೆ. ನಾವೂ ಒಪ್ಪಿದ್ದೇವೆ. ಅದು ದಿಲ್ಲಿಗೆ ಬಂತು, ಬೆಂಗಳೂರಿಗೂ ಬಂದಿರಬೇಕು. ನಮ್ಮ ಹೊಳೆಸಾಲಿಗೆ? ಇಲ್ಲಿ ನೆರೆ ಇಳಿದ ಮೇಲೆ ಪಂಚನಾಮೆ, ಅದಾದ ಮೇಲೆ ‘ನಿಮ್ಮ ಹೆಸರು ಪಟ್ಟಿಯಲ್ಲಿಲ್ಲ’. 2009ರ ನೆರೆಯ ನಂತರ ಮನೆ ಕಳೆದುಕೊಂಡವರಿಗೆಂದು ಕಟ್ಟಿದ ‘ಆಸರೆ’ ಯೋಜನೆಯ ಮನೆಗಳನ್ನು ನೀವು ದಿನವೂ ನೋಡುವವರು. ಹೊಲ ಒಂದು ದಿಕ್ಕು, ಮನೆ ಒಂದು ದಿಕ್ಕು, ಎತ್ತು ಕಟ್ಟಲು ಜಾಗವಿಲ್ಲ. ಎಷ್ಟೋ ಮನೆಗಳ ಮುಂದೆ ಜಾಲಿ ಬೆಳೆಯಿತು. ಎಲ್ಲಿ ಕಟ್ಟೋಣ ಅಂತ ರೈತರನ್ನು ಒಂದು ಮಾತು ಕೇಳಿದ್ದರೆ ಯಾರ ಗಂಟು ಹೋಗುತ್ತಿತ್ತು?

ಜಾಗತಿಕ ಪಡೆ ಬಂದಾಗ ಬರಲಿ. ಈ ವಾರ ನಿಮ್ಮ ಪಂಚಾಯ್ತಿಗೆ ಹೋಗಿ ವಿಪತ್ತು ನಿರ್ವಹಣೆಯ ಕಡತ ಕೇಳಿ. ಅದರಲ್ಲಿರುವ ಫೋನ್ ನಂಬರಿಗೆ ರಾತ್ರಿ ಒಮ್ಮೆ ಹಚ್ಚಿ ನೋಡಿ. ಯಾರು ಎತ್ತಿದರು, ಎತ್ತಿ ಏನೆಂದರು ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೂ ಜಾಗ ಇಟ್ಟಿರುತ್ತೇನೆ.

— ಸಂ.